ತೆಳುಗೂದಲಿಗೆ ಅಡುಗೆಮನೆಯ ಆರೈಕೆ: ಯಾವುದು ಫಲಕಾರಿ, ಯಾವುದು ಭ್ರಮೆ?

ಶಿಕಾರಿಪುರ/ಸೊರಬ: ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನ ಉಡುತಡಿ 12ನೇ ಶತಮಾನದ ಶರಣೆ ಅಕ್ಕಮಹಾದೇವಿಯ ಜನ್ಮಸ್ಥಳ. ನೀಳವಾದ ಕೇಶರಾಶಿಯನ್ನೇ ಉಡುಗೆಯಾಗಿಸಿಕೊಂಡ ಅಕ್ಕನ ಚಿತ್ರ ಕನ್ನಡಿಗರೆಲ್ಲರಿಗೂ ಪರಿಚಿತ. ಆದರೆ ಅಂತಹ ಕೇಶಸಂಪತ್ತು ಎಲ್ಲರಿಗೂ ಒಲಿಯುವುದಿಲ್ಲ. ಬಾಚಣಿಗೆಯಲ್ಲಿ ಸಿಕ್ಕ ಕೂದಲಿನ ಉಂಡೆಯನ್ನು ಕಂಡು ಕಳವಳಗೊಳ್ಳುವವರು, ಬೈತಲೆ ಅಗಲವಾಗುತ್ತಿದೆಯೆಂದು ಕನ್ನಡಿಯ ಮುಂದೆ ಚಿಂತಿಸುವವರು ಹಳ್ಳಿ, ಪಟ್ಟಣಗಳೆಂಬ ಭೇದವಿಲ್ಲದೆ ಎಲ್ಲೆಡೆ ಇದ್ದಾರೆ.

ಅರೆಮಲೆನಾಡಿನ ಸೆರಗಿನಲ್ಲಿರುವ ಶಿಕಾರಿಪುರ ಹಾಗೂ ಸೊರಬ ತಾಲ್ಲೂಕುಗಳಲ್ಲಿ ಕೇಶ ಆರೈಕೆಯ ಸಾಮಗ್ರಿಗೆ ಅಂಗಡಿಯನ್ನೇ ಅವಲಂಬಿಸಬೇಕಾದ ಸ್ಥಿತಿ ಹಿಂದೆ ಇರಲಿಲ್ಲ. ಹಿತ್ತಿಲಿನಲ್ಲಿ ದಾಸವಾಳ, ಕರಿಬೇವು, ಬೇಲಿಯಲ್ಲಿ ಲೋಳೆಸರ, ಕಾಡಂಚಿನಲ್ಲಿ ಸೀಗೆ, ಅಂಟುವಾಳ, ನೆಲ್ಲಿ, ಅಡುಗೆಮನೆಯ ಡಬ್ಬಿಯಲ್ಲಿ ಮೆಂತ್ಯ. ಯುಗಾದಿ ಮತ್ತು ದೀಪಾವಳಿಯ ಅಭ್ಯಂಜನಕ್ಕೆ ಇವೇ ಆಧಾರ. ಈ ಪದಾರ್ಥಗಳಲ್ಲಿ ಯಾವುದು ತೆಳುಗೂದಲಿಗೆ ನಿಜಕ್ಕೂ ಉಪಕಾರಿ, ಯಾವುದು ಬರಿಯ ನಂಬಿಕೆ, ಯಾವ ಹಂತದಲ್ಲಿ ವೈದ್ಯರನ್ನು ಕಾಣಬೇಕು ಎಂಬ ವಿವರ ಇಲ್ಲಿದೆ.

ನವಿರು ಬೇರೆ, ವಿರಳ ಬೇರೆ

ತೆಳುಗೂದಲು ಎಂಬ ಒಂದೇ ಮಾತಿನಲ್ಲಿ ಎರಡು ಸಂಗತಿಗಳು ಅಡಗಿವೆ. ಒಂದೊಂದು ಎಳೆಯೂ ಸಪೂರವಾಗಿರುವುದು ನವಿರು ಕೂದಲು. ಎಳೆಗಳ ಸಂಖ್ಯೆಯೇ ಕಡಿಮೆಯಾಗಿರುವುದು ವಿರಳ ಕೂದಲು. ನವಿರು ಕೂದಲು ಬಹುಪಾಲು ಹುಟ್ಟಿನಿಂದ ಬಂದದ್ದು. ಅದು ರೋಗವಲ್ಲ. ಮೊದಲು ದಟ್ಟವಾಗಿದ್ದ ಕೂದಲು ಕ್ರಮೇಣ ವಿರಳವಾಗುತ್ತಿದ್ದರೆ ಮಾತ್ರ ಅದರ ಹಿಂದೆ ಕಾರಣವೊಂದು ಇದ್ದೇ ಇರುತ್ತದೆ.

ಮನುಷ್ಯನ ತಲೆಯಲ್ಲಿ ಸುಮಾರು 1 ಲಕ್ಷ ಕೂದಲುಗಳಿರುತ್ತವೆ. ಅವು ತಿಂಗಳಿಗೆ ಸರಾಸರಿ 1 ಸೆಂಟಿಮೀಟರಿನಷ್ಟು ಬೆಳೆಯುತ್ತವೆ. ಪ್ರತಿಯೊಂದು ಕೂದಲೂ 2ರಿಂದ 6 ವರ್ಷ ಬೆಳೆದು, ಕೆಲವು ವಾರಗಳಲ್ಲಿ ಬೆಳವಣಿಗೆ ನಿಲ್ಲಿಸಿ, ಸುಮಾರು 3 ತಿಂಗಳು ವಿಶ್ರಮಿಸಿ ಉದುರುತ್ತದೆ. ಆ ಜಾಗದಲ್ಲಿ ಹೊಸ ಕೂದಲು ಚಿಗುರುತ್ತದೆ. ಆದ್ದರಿಂದ ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ.

ಕಣ್ಣಿಗೆ ಕಾಣುವ ಕೂದಲು ಜೀವವಿಲ್ಲದ ಎಳೆ. ಅದು ಕೆರಾಟಿನ್ ಎಂಬ ಪ್ರೋಟೀನಿನಿಂದಾದುದು. ಬೆಳವಣಿಗೆ ನಡೆಯುವುದು ಚರ್ಮದೊಳಗಿನ ಬುಡದಲ್ಲಿ. ಹೊರಗೆ ಹಚ್ಚಿದ ಲೇಪಗಳು ಎಳೆಯನ್ನು ನುಣುಪಾಗಿಸಬಲ್ಲವು, ತುಂಡಾಗದಂತೆ ಕಾಪಾಡಬಲ್ಲವು, ದಪ್ಪವಾಗಿ ಕಾಣುವಂತೆ ಮಾಡಬಲ್ಲವು. ಬುಡವನ್ನು ಪೋಷಿಸುವುದು ರಕ್ತ. ರಕ್ತವನ್ನು ಪೋಷಿಸುವುದು ಊಟ. ಈ ವ್ಯತ್ಯಾಸವನ್ನು ಅರಿತರೆ ಅಡುಗೆಮನೆಯ ಪದಾರ್ಥಗಳಿಂದ ಏನನ್ನು ನಿರೀಕ್ಷಿಸಬಹುದು ಎಂಬುದು ಸ್ಪಷ್ಟವಾಗುತ್ತದೆ.

ಉಪಯುಕ್ತ ಪದಾರ್ಥಗಳು

ತೆಂಗಿನೆಣ್ಣೆ: ಮನೆಮದ್ದುಗಳ ಪೈಕಿ ಗಟ್ಟಿಯಾದ ವೈಜ್ಞಾನಿಕ ಆಧಾರವಿರುವುದು ಇದಕ್ಕೆ. ಮುಂಬೈನ ಮಾರಿಕೋ ಸಂಸ್ಥೆಯ ಸಂಶೋಧಕರು 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತೆಂಗಿನೆಣ್ಣೆ, ಸೂರ್ಯಕಾಂತಿ ಎಣ್ಣೆ ಹಾಗೂ ಖನಿಜ ತೈಲಗಳನ್ನು ಹೋಲಿಸಿದ್ದರು. ಕೂದಲಿನಿಂದ ಪ್ರೋಟೀನ್ ನಷ್ಟವಾಗುವುದನ್ನು ಗಣನೀಯವಾಗಿ ತಡೆದದ್ದು ತೆಂಗಿನೆಣ್ಣೆ ಮಾತ್ರ. ಅದರಲ್ಲಿರುವ ಲಾರಿಕ್ ಆಮ್ಲದ ಅಣು ಚಿಕ್ಕದಾಗಿದ್ದು ಎಳೆಯೊಳಕ್ಕೆ ಇಳಿಯುತ್ತದೆ. ತೆಂಗಿನೆಣ್ಣೆ ಮಾರುವ ಸಂಸ್ಥೆಯೇ ನಡೆಸಿದ ಅಧ್ಯಯನವಿದು ಎಂಬುದು ಓದುಗರಿಗೆ ತಿಳಿದಿರಬೇಕು. ನವಿರು ಕೂದಲಿನವರು ತಲೆತುಂಬ ಎಣ್ಣೆ ಸುರಿಯಬಾರದು. ಕೂದಲು ನೆತ್ತಿಗೆ ಅಂಟಿ ಇನ್ನಷ್ಟು ವಿರಳವಾಗಿ ಕಾಣುತ್ತದೆ. ಸ್ನಾನಕ್ಕೆ ಅರ್ಧ ಗಂಟೆ ಮೊದಲು ಒಂದೆರಡು ಚಮಚದಷ್ಟನ್ನು ಕೂದಲಿನ ಮಧ್ಯಭಾಗದಿಂದ ತುದಿಯವರೆಗೆ ಸವರಿದರೆ ಸಾಕು.

ದಾಸವಾಳದ ಗೊಂಪು: ಮಲೆನಾಡಿನ ಮನೆಗಳಿಗೆ ಚಿರಪರಿಚಿತ. ಹತ್ತು ಹದಿನೈದು ಎಲೆಗಳನ್ನು ನೀರಿನಲ್ಲಿ ಚೆನ್ನಾಗಿ ಕಿವುಚಿ, ಬಟ್ಟೆಯಲ್ಲಿ ಸೋಸಿದರೆ ಹಸಿರು ಲೋಳೆ ದೊರೆಯುತ್ತದೆ. ಈ ಲೋಳೆ ಎಳೆಗಳ ಮೇಲೆ ತೆಳುವಾದ ಪೊರೆಯಾಗಿ ನಿಂತು ಸಿಕ್ಕು ಬಿಡಿಸುತ್ತದೆ. ಕೂದಲು ಸಿಕ್ಕಾಗದಿದ್ದರೆ ಬಾಚುವಾಗ ತುಂಡಾಗುವುದೂ ಕಡಿಮೆ. ಎಣ್ಣೆಯಂತೆ ಭಾರವಾಗದ ಕಾರಣ ನವಿರು ಕೂದಲಿಗೆ ಇದು ಹೆಚ್ಚು ಸೂಕ್ತ. ಬಿಳಿ ಇಲಿಗಳ ಮೇಲೆ ನಡೆದು 2003ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಹೂವಿನ ಸಾರಕ್ಕಿಂತ ಎಲೆಯ ಸಾರ ಕೂದಲ ಬೆಳವಣಿಗೆಗೆ ಹೆಚ್ಚು ಪರಿಣಾಮಕಾರಿಯೆಂದು ಕಂಡುಬಂದಿತ್ತು. ಆದರೆ ಇಲಿಯ ಫಲಿತಾಂಶವನ್ನು ಮನುಷ್ಯನಿಗೆ ನೇರವಾಗಿ ಅನ್ವಯಿಸಲಾಗದು.

ಸೀಗೆಕಾಯಿ, ಅಂಟುವಾಳ: ಇವೆರಡರಲ್ಲೂ ನೊರೆ ಬರಿಸುವ ಸಪೋನಿನ್ ಇದೆ. ಬಟ್ಟೆ ಅಥವಾ ಮೈ ತೊಳೆಯುವ ಸಾಬೂನು ಗಡಸು ನೀರಿನಲ್ಲಿ ಕರಗದ ಜಿಡ್ಡಾಗಿ ಕೂದಲಿಗೆ ಅಂಟುತ್ತದೆ. ಸೀಗೆಯಲ್ಲಿ ಆ ತೊಂದರೆ ಇಲ್ಲ. ಕೊಳವೆಬಾವಿಯ ನೀರು ಬಳಸುವವರಿಗೆ ಇದು ಗಮನಾರ್ಹ. ಪುಡಿಯನ್ನು ನೇರವಾಗಿ ತಲೆಗೆ ತಿಕ್ಕಿದರೆ ತರಿಗಳು ನವಿರಾದ ಎಳೆಗಳನ್ನು ಗೀರುತ್ತವೆ. ಆದ್ದರಿಂದ ರಾತ್ರಿ ನೆನೆಹಾಕಿ, ಬೆಳಗ್ಗೆ ಕುದಿಸಿ, ಸೋಸಿದ ನೀರನ್ನು ಮಾತ್ರ ಬಳಸುವುದು ಲೇಸು. ಕಣ್ಣಿಗೆ ಬೀಳದಂತೆ ಎಚ್ಚರ ಅಗತ್ಯ.

ಮೆಂತ್ಯ: ಎರಡು ಚಮಚ ಕಾಳನ್ನು ರಾತ್ರಿಯಿಡೀ ನೆನೆಸಿ ನುಣ್ಣಗೆ ಅರೆದು 20 ನಿಮಿಷ ಹಚ್ಚಿ ತೊಳೆಯಬೇಕು. ಇದರ ಅಂಟು ಎಳೆಗಳಿಗೆ ಮೈತುಂಬಿದ ನೋಟ ನೀಡುತ್ತದೆ. ಕಡಲೆಕಾಯಿ, ಕಡಲೆ ಮುಂತಾದ ದ್ವಿದಳ ಧಾನ್ಯಗಳ ಅಲರ್ಜಿ ಇರುವವರಿಗೆ ಮೆಂತ್ಯವೂ ಒಗ್ಗದಿರಬಹುದು.

ಮೊಟ್ಟೆ: ಮೊಟ್ಟೆಯ ಪ್ರೋಟೀನ್ ಕೂದಲಿನೊಳಗೆ ಸೇರುತ್ತದೆ ಎಂಬುದು ತಪ್ಪು ಕಲ್ಪನೆ. ಅದರ ಅಣುಗಳು ಬಹಳ ದೊಡ್ಡವು. ಅವು ಹೊರಮೈಗೆ ಲೇಪವಾಗಿ ನಿಂತು ತಾತ್ಕಾಲಿಕವಾಗಿ ದಪ್ಪನೆಯ ಅನುಭವ ಕೊಡುತ್ತವೆ. ತೊಳೆಯಲು ತಣ್ಣೀರನ್ನೇ ಬಳಸಬೇಕು. ಬಿಸಿನೀರಿಗೆ ಮೊಟ್ಟೆ ತಲೆಯ ಮೇಲೆಯೇ ಬೆಂದು ಗಟ್ಟಿಯಾಗುತ್ತದೆ.

ಲೋಳೆಸರ: ತುರಿಕೆ, ಒಣಚರ್ಮಕ್ಕೆ ತಂಪು. ಎಲೆ ಕತ್ತರಿಸಿದಾಗ ಒಸರುವ ಹಳದಿ ರಸ ಚರ್ಮವನ್ನು ಕೆರಳಿಸುತ್ತದೆ. ಎಲೆಯನ್ನು ಕೆಲಹೊತ್ತು ನೆಟ್ಟಗೆ ನಿಲ್ಲಿಸಿ ಆ ರಸವನ್ನು ಬಸಿದು, ತೊಳೆದು, ಒಳಗಿನ ತಿಳಿ ತಿರುಳನ್ನಷ್ಟೇ ಬಳಸಬೇಕು.

ಅಕ್ಕಿ ತೊಳೆದ ನೀರು: ಭತ್ತದ ನಾಡಿನಲ್ಲಿ ಇದಕ್ಕೆ ಖರ್ಚಿಲ್ಲ. ಪಿಷ್ಟದ ಲೇಪದಿಂದ ಎಳೆಗಳು ಬಿಗಿಯಾಗಿ ನಿಲ್ಲುತ್ತವೆ. ವಾರಕ್ಕೊಮ್ಮೆ ಸಾಕು. ಪದೇಪದೇ ಬಳಸಿದರೆ ಕೂದಲು ಒರಟಾಗುತ್ತದೆ.

ಎಚ್ಚರ ವಹಿಸಬೇಕಾದವು

ಈರುಳ್ಳಿ ರಸ: ಇರಾಕಿನ ಬಾಗ್ದಾದಿನ ವೈದ್ಯರು 2002ರಲ್ಲಿ ಪ್ರಕಟಿಸಿದ ಅಧ್ಯಯನವೇ ಇದರ ಖ್ಯಾತಿಗೆ ಮೂಲ. ಈರುಳ್ಳಿ ರಸ ಹಚ್ಚಿಕೊಂಡ 23 ಮಂದಿಯಲ್ಲಿ 20 ಮಂದಿಗೆ 6 ವಾರಗಳಲ್ಲಿ ಕೂದಲು ಮರಳಿ ಬಂದಿತ್ತು. ಬರಿ ನೀರು ಹಚ್ಚಿಕೊಂಡ 15 ಮಂದಿಯಲ್ಲಿ ಇಬ್ಬರಿಗೆ ಮಾತ್ರ ಬಂದಿತ್ತು. ಆದರೆ ಅವರೆಲ್ಲರೂ ಅಲ್ಲಲ್ಲಿ ದುಂಡಗೆ ಕೂದಲು ಉದುರುವ ಅಲೋಪೀಸಿಯಾ ಏರಿಯೇಟಾ ಎಂಬ ರೋಗ ಇದ್ದವರು. ಸಾಮಾನ್ಯ ತೆಳುಗೂದಲಿಗೆ ಈ ಫಲಿತಾಂಶ ಅನ್ವಯಿಸದು. ಸೂಕ್ಷ್ಮ ಚರ್ಮದವರಿಗೆ ಉರಿ, ಗುಳ್ಳೆ ಬರಬಹುದು.

ಶುಂಠಿ ರಸ: ಸೊರಬ, ಶಿಕಾರಿಪುರಗಳಲ್ಲಿ ಶುಂಠಿ ಮುಖ್ಯ ವಾಣಿಜ್ಯ ಬೆಳೆಗಳಲ್ಲೊಂದು. ಶುಂಠಿ ತಿಕ್ಕಿದರೆ ಕೂದಲು ಚಿಗುರುತ್ತದೆಂಬ ನಂಬಿಕೆ ಏಷ್ಯಾದ ಹಲವೆಡೆ ಇದೆ. ಆದರೆ 2013ರಲ್ಲಿ ಪ್ರಕಟವಾದ ಸಂಶೋಧನೆ ತದ್ವಿರುದ್ಧ ಫಲಿತಾಂಶ ನೀಡಿತು. ಶುಂಠಿಯಲ್ಲಿರುವ ಜಿಂಜೆರಾಲ್ ಅಂಶವು ಪ್ರಯೋಗಾಲಯದಲ್ಲಿ ಮನುಷ್ಯನ ಕೂದಲ ಬುಡಗಳ ಬೆಳವಣಿಗೆಯನ್ನೂ, ಇಲಿಗಳ ಕೂದಲ ಬೆಳವಣಿಗೆಯನ್ನೂ ತಗ್ಗಿಸಿತು. ಶುಂಠಿ ಕಷಾಯಕ್ಕಿರಲಿ, ನೆತ್ತಿಗೆ ಬೇಡ.

ನಿಂಬೆರಸ, ಅಡುಗೆ ಸೋಡಾ: ನಿಂಬೆರಸ ಹಚ್ಚಿ ಬಿಸಿಲಿಗೆ ಹೋದರೆ ಚರ್ಮ ಸುಟ್ಟಂತಾಗಿ ಕಲೆ ಉಳಿಯಬಹುದು. ನೆತ್ತಿಯ ಚರ್ಮ ಸಹಜವಾಗಿ ಸ್ವಲ್ಪ ಆಮ್ಲೀಯ, ಸೋಡಾ ಕ್ಷಾರೀಯ. ಅದು ಎಳೆಯ ಹೊರಪದರವನ್ನು ಬಿಚ್ಚಿ ಒರಟಾಗಿಸುತ್ತದೆ.

ಹೊಟ್ಟಿರುವ ತಲೆಗೆ ಎಣ್ಣೆ: ಹೊಟ್ಟಿಗೆ ಕಾರಣವಾಗುವ ಶಿಲೀಂಧ್ರಕ್ಕೆ ಎಣ್ಣೆಯ ಕೊಬ್ಬಿನಾಮ್ಲಗಳೇ ಆಹಾರ. ಜಿಡ್ಡಿನ ಹೊಟ್ಟು ಇರುವವರು ನೆತ್ತಿಗೆ ಎಣ್ಣೆ ಹಚ್ಚಿದರೆ ತೊಂದರೆ ಉಲ್ಬಣಿಸುತ್ತದೆ.

ಯಾವುದೇ ಹೊಸ ಲೇಪವನ್ನು ಮೊದಲು ಕಿವಿಯ ಹಿಂಭಾಗ ಅಥವಾ ಮೊಣಕೈ ಒಳಭಾಗದಲ್ಲಿ ಹಚ್ಚಿ ಒಂದು ದಿನ ಕಾದು ನೋಡುವುದು ಕ್ಷೇಮ.

ತಲೆಗಿಂತ ಮೊದಲು ತಟ್ಟೆಗೆ

ಮಹಿಳೆಯರಲ್ಲಿ ಕೂದಲು ವಿರಳವಾಗಲು ಕಬ್ಬಿಣಾಂಶದ ಕೊರತೆ ಒಂದು ಮುಖ್ಯ ಕಾರಣ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ 57ರಷ್ಟು ಮಂದಿಗೆ ರಕ್ತಹೀನತೆ ಇದೆ. ಕರ್ನಾಟಕದಲ್ಲಿ ಈ ಪ್ರಮಾಣ ಅರ್ಧದ ಸಮೀಪದಲ್ಲಿದೆ. ಇಂಥವರು ಎಷ್ಟೇ ಮೆಂತ್ಯ ಅರೆದು ಹಚ್ಚಿದರೂ ಬುಡಕ್ಕೆ ಪೋಷಣೆ ಸಿಗದು. ಅದೇ ಮೆಂತ್ಯ, ಅದೇ ಕರಿಬೇವು ತಲೆಗಿಂತ ತಟ್ಟೆಯಲ್ಲಿ ಹೆಚ್ಚು ಉಪಯುಕ್ತ.

ಹುರುಳಿಕಾಳು, ನುಗ್ಗೆಸೊಪ್ಪು, ಎಳ್ಳು, ಹರಿವೆ, ಕರಿಬೇವಿನ ಚಟ್ನಿಪುಡಿ, ಒಂದೆಲಗದ ತಂಬುಳಿ ಇವು ಈ ಭಾಗದ ಊಟದಲ್ಲಿ ಹೊಸತೇನಲ್ಲ. ಜೊತೆಗೆ ನಿಂಬೆ ಅಥವಾ ನೆಲ್ಲಿಕಾಯಿ ಇದ್ದರೆ ಅದರ ‘ಸಿ’ ಜೀವಸತ್ವ ಸಸ್ಯಾಹಾರದ ಕಬ್ಬಿಣವನ್ನು ದೇಹ ಹೀರಿಕೊಳ್ಳಲು ನೆರವಾಗುತ್ತದೆ. ಊಟದೊಂದಿಗೆ ಕಾಫಿ, ಚಹಾ ಸೇವಿಸಿದರೆ ಹೀರಿಕೆ ಕುಗ್ಗುತ್ತದೆ; ಒಂದು ಗಂಟೆಯ ಅಂತರವಿರಲಿ. ಬೇಳೆ, ಕಾಳು, ಹಾಲು, ಮೊಟ್ಟೆ, ಮೀನುಗಳಿಂದ ಪ್ರೋಟೀನ್ ದೊರೆಯಬೇಕು. ತೂಕ ಇಳಿಸಲೆಂದು ಏಕಾಏಕಿ ಊಟ ಬಿಟ್ಟವರ ಕೂದಲು ಕೆಲವೇ ತಿಂಗಳಲ್ಲಿ ಉದುರತೊಡಗುತ್ತದೆ. ಹಸಿ ಮೊಟ್ಟೆಯನ್ನು ತಿನ್ನುವ ಅಭ್ಯಾಸ ಬೇಡ. ಅದರ ಬಿಳಿಭಾಗದಲ್ಲಿರುವ ಅವಿಡಿನ್, ಬಯೋಟಿನ್ ಜೀವಸತ್ವವನ್ನು ದೇಹಕ್ಕೆ ದಕ್ಕಗೊಡುವುದಿಲ್ಲ.

ಜ್ವರದ ನಂತರದ ಉದುರುವಿಕೆ

ಅಧಿಕ ಜ್ವರ, ಶಸ್ತ್ರಚಿಕಿತ್ಸೆ, ಹೆರಿಗೆ ಅಥವಾ ತೀವ್ರ ಮಾನಸಿಕ ಆಘಾತದ 2–3 ತಿಂಗಳ ತರುವಾಯ ಕೂದಲು ಹಿಡಿಹಿಡಿಯಾಗಿ ಉದುರುವುದುಂಟು. ದೇಹವು ಆ ಒತ್ತಡದ ಅವಧಿಯಲ್ಲಿ ಬಹಳಷ್ಟು ಕೂದಲನ್ನು ಒಮ್ಮೆಲೇ ವಿಶ್ರಾಂತಿಗೆ ದೂಡುವುದೇ ಇದಕ್ಕೆ ಕಾರಣ. ಬಹುತೇಕರಲ್ಲಿ 6ರಿಂದ 12 ತಿಂಗಳೊಳಗೆ ಇದು ತಾನಾಗಿಯೇ ಸರಿಹೋಗುತ್ತದೆ. ಈ ಅವಧಿಯಲ್ಲಿ ಬಳಸಿದ ಎಣ್ಣೆಗೆ ಅದರ ಕೀರ್ತಿ ಸಲ್ಲುವುದೇ ಹೆಚ್ಚು!

ಈ ಭಾಗಕ್ಕೆ ಇನ್ನೊಂದು ಎಚ್ಚರಿಕೆ ಅವಶ್ಯ. ಮಂಗನ ಕಾಯಿಲೆ 1957ರಲ್ಲಿ ಮೊದಲು ಪತ್ತೆಯಾದದ್ದು ಸೊರಬ ತಾಲ್ಲೂಕಿನ ಕ್ಯಾಸನೂರು ಅರಣ್ಯದಲ್ಲಿ. ವೈದ್ಯಲೋಕದಲ್ಲಿ ಆ ಕಾಯಿಲೆಗೆ ಅದೇ ಊರಿನ ಹೆಸರಿದೆ. ಸೀಗೆ, ಅಂಟುವಾಳದ ಕಾಯಿಗಳು ಬಲಿತು ಒಣಗುವ ಬೇಸಿಗೆಯ ದಿನಗಳೇ ರೋಗ ಹರಡುವ ಉಣ್ಣೆಗಳು ಹೆಚ್ಚಾಗಿರುವ ಕಾಲ. ಕಾಡಿಗೆ ಹೋಗುವವರು ಮೈತುಂಬ ಬಟ್ಟೆ ಧರಿಸಿ, ಆರೋಗ್ಯ ಇಲಾಖೆ ವಿತರಿಸುವ ಉಣ್ಣೆ ನಿವಾರಕ ತೈಲ ಲೇಪಿಸಿಕೊಳ್ಳಬೇಕು. ಮರಳಿದೊಡನೆ ಬಿಸಿನೀರಿನಲ್ಲಿ ಸ್ನಾನ ಮಾಡಿ ಬಟ್ಟೆ ಒಗೆಯಬೇಕು. ಮಂಗ ಸತ್ತ ಪ್ರದೇಶದತ್ತ ಸುಳಿಯಲೇಬಾರದು. ಒಂದು ಚೀಲ ಸೀಗೆಗಾಗಿ ಜೀವವನ್ನು ಅಪಾಯಕ್ಕೊಡ್ಡುವುದು ತರವಲ್ಲ.

ವೈದ್ಯರನ್ನು ಕಾಣುವುದು ಯಾವಾಗ?

* ದುಂಡನೆಯ ಬೋಳು ಕಲೆ, ಕೀವು, ಹುರುಪೆ ಅಥವಾ ನೋವು ಕಂಡುಬಂದಾಗ.
* ಬೈತಲೆ ಕ್ರಮೇಣ ಅಗಲವಾಗುತ್ತಿದ್ದರೆ, ಇಲ್ಲವೇ ಹಣೆಯಂಚು ಹಿಂದೆ ಸರಿಯುತ್ತಿದ್ದರೆ.
* ಸುಸ್ತು, ಮುಟ್ಟಿನ ಏರುಪೇರು, ತೂಕದ ಬದಲಾವಣೆ ಜೊತೆಗಿದ್ದರೆ. ಇದು ಥೈರಾಯ್ಡ್ ಅಥವಾ ಅಂಡಾಶಯದ ತೊಂದರೆಯ ಸೂಚನೆ ಇರಬಹುದು.
* ಉದುರುವಿಕೆ 6 ತಿಂಗಳಾದರೂ ನಿಲ್ಲದಿದ್ದರೆ.
* ಮಕ್ಕಳ ತಲೆಯಲ್ಲಿ ಕೂದಲು ಮುರಿದು ತೇಪೆಯಂತಾದಾಗ.

ತಾಲ್ಲೂಕು ಆಸ್ಪತ್ರೆಗಳಲ್ಲಿ ರಕ್ತಪರೀಕ್ಷೆ ಮಾಡಿಸಬಹುದು. ಹೆಚ್ಚಿನ ತಪಾಸಣೆಗೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಿದೆ. ಬಯೋಟಿನ್ ಮಾತ್ರೆ ನುಂಗುತ್ತಿರುವವರು ಅದನ್ನು ಪರೀಕ್ಷೆಗೆ ಮೊದಲೇ ವೈದ್ಯರಿಗೆ ತಿಳಿಸಬೇಕು. ಅದು ಥೈರಾಯ್ಡ್ ಹಾಗೂ ಹೃದಯ ಸಂಬಂಧಿ ರಕ್ತಪರೀಕ್ಷೆಗಳ ಫಲಿತಾಂಶವನ್ನು ತಪ್ಪಾಗಿ ತೋರಿಸಬಲ್ಲದೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2017ರಲ್ಲಿಯೇ ಎಚ್ಚರಿಸಿದೆ. ವಂಶವಾಹಿ ಕಾರಣದಿಂದ ಕೂದಲು ವಿರಳವಾಗುತ್ತಿದ್ದರೆ ಮಿನಾಕ್ಸಿಡಿಲ್‌ನಂತಹ ಔಷಧಗಳಿವೆ. ಚಿಕಿತ್ಸೆ ಬೇಗ ಆರಂಭಿಸಿದಷ್ಟೂ ಉಳಿಯುವ ಕೂದಲು ಹೆಚ್ಚು. ಮನೆಮದ್ದಿನಲ್ಲಿ ವರ್ಷಗಳನ್ನು ಕಳೆದವರು ನಷ್ಟಪಡುವುದು ಇಲ್ಲಿಯೇ.

ನಿತ್ಯದ ರೂಢಿಗಳು

ಒದ್ದೆಗೂದಲನ್ನು ಬಾಚಬಾರದು; ಅಗಲ ಹಲ್ಲಿನ ಬಾಚಣಿಗೆಯಿಂದ ತುದಿಯಿಂದ ಮೇಲಕ್ಕೆ ಸಿಕ್ಕು ಬಿಡಿಸಬೇಕು. ಬಿಗಿಯಾದ ಜಡೆ, ತುರುಬು, ಭಾರವಾದ ಹೂವಿನ ದಂಡೆ ಹಣೆಯಂಚಿನ ಕೂದಲನ್ನು ಬುಡದಿಂದ ಎಳೆಯುತ್ತವೆ. ಹಂಡೆಯ ಸುಡುನೀರು ಮೈಗೆ ಹಿತವೆನಿಸಿದರೂ ತಲೆಗೆ ಉಗುರುಬೆಚ್ಚಗಿನ ನೀರೇ ಉತ್ತಮ. ಟವೆಲಿನಿಂದ ಬಲವಾಗಿ ಉಜ್ಜುವ ಬದಲು ಹತ್ತಿಯ ಬಟ್ಟೆಯಲ್ಲಿ ಒತ್ತಿ ಒರೆಸಬೇಕು.

ಅಡುಗೆಮನೆಯ ಪದಾರ್ಥಗಳು ಇರುವ ಕೂದಲನ್ನು ಕಾಪಾಡಬಲ್ಲವು. ಇಲ್ಲದ ಕೂದಲನ್ನು ಹುಟ್ಟಿಸಲಾರವು. ತಿಂಗಳಿಗೆ 1 ಸೆಂಟಿಮೀಟರ್ ಬೆಳೆಯುವ ಕೂದಲಿಗೆ ವಾರದಲ್ಲಿ ಫಲ ನಿರೀಕ್ಷಿಸುವುದು ಸರಿಯಲ್ಲ. ಯಾವುದಾದರೂ ಒಂದು ಕ್ರಮವನ್ನು ಕನಿಷ್ಠ 3 ತಿಂಗಳು ತಪ್ಪದೆ ಪಾಲಿಸಿ, ಜೊತೆಗೆ ಊಟವನ್ನು ಸರಿಪಡಿಸಿಕೊಂಡು ನೋಡಬಹುದು. ಅಷ್ಟಾದರೂ ಬದಲಾವಣೆ ಕಾಣದಿದ್ದರೆ ಮದ್ದನ್ನು ಬದಲಿಸುತ್ತ ಹೋಗುವ ಬದಲು ಒಮ್ಮೆ ರಕ್ತಪರೀಕ್ಷೆ ಮಾಡಿಸುವುದೇ ಜಾಣತನ.