ಪೊರೆ, ಹುತ್ತ ಮತ್ತು ತೆಂಗಿನ ನಾರು

ಕಳೆದ ಫೆಬ್ರವರಿಯಲ್ಲಿ ಆಫೀಸಿನ ಗೆಳೆಯನೊಬ್ಬ ಬೆಳಗಿನ ಮೀಟಿಂಗ್ ಮುಗಿದ ಮೇಲೆ ಪಕ್ಕಕ್ಕೆ ಕರೆದು ಫೋನ್ ತೋರಿಸಿದ. ಅವನು ಸಾಕಿರುವ ಬಾಲ್ ಪೈಥಾನ್ ಪೊರೆ ಬಿಟ್ಟಿತ್ತು. ಬಿಟ್ಟಿತ್ತು ಅನ್ನೋದಕ್ಕಿಂತ ಹರಿದುಕೊಂಡಿತ್ತು ಅನ್ನಬೇಕು. ಮೈಮೇಲೆ ಅಲ್ಲಲ್ಲಿ ಒಣಗಿದ ಫೆವಿಕಾಲ್ ತರ ತುಂಡುಗಳು, ಬಾಲದ ತುದಿಯಲ್ಲಿ ಬಿಗಿಯಾದ ಒಂದು ಉಂಗುರ, ಒಂದು ಕಣ್ಣು ಮಾತ್ರ ಮಂಜು ಮಂಜು. "ನೀನು ಬನ್ನೂರು ಕಡೆಯವನಲ್ವಾ, ಹಾವಿನ ಬಗ್ಗೆ ಗೊತ್ತಿರುತ್ತೆ" ಅಂದ. ಬನ್ನೂರು ಅಂದರೆ ಎಲ್ಲರೂ ಕುರಿ ಬಗ್ಗೆ ಕೇಳುತ್ತಾರೆ. ಹಾವು ಕೇಳಿದವನು ಇವನೇ ಮೊದಲು.

ನನಗೆ ಹಾವು ಸಾಕಿ ಗೊತ್ತಿಲ್ಲ, ಪೊರೆ ಮಾತ್ರ ಗೊತ್ತು. ನಮ್ಮ ಹಿತ್ತಲಲ್ಲಿ ಭತ್ತದ ಹುಲ್ಲಿನ ಮೆದೆ ಇರುತ್ತಿತ್ತು. ದನಕ್ಕೆ ಹುಲ್ಲು ಹಿರಿಯುವಾಗ ವರ್ಷಕ್ಕೆ ಒಂದೆರಡು ಸಲವಾದರೂ ಪೊರೆ ಸಿಗುತ್ತಿತ್ತು, ಹೆಚ್ಚಾಗಿ ಕೇರೆ ಹಾವಿನದು. ಯಾವಾಗಲೂ ಮೆದೆಯ ಬುಡದಲ್ಲೇ, ಹುಲ್ಲು ಸ್ವಲ್ಪ ತೇವವಾಗಿ ಬೆಚ್ಚಗಿರುವ ಜಾಗದಲ್ಲಿ. ಮೂತಿಯಿಂದ ಬಾಲದವರೆಗೆ ಒಂದೇ ಪೀಸು, ಒಳಗಿನದು ಹೊರಗೆ, ಕಾಲುಚೀಲ ತೆಗೆದ ಹಾಗೆ. ಅಜ್ಜಿ ಅದನ್ನು ಬೆಳಕಿಗೆ ಹಿಡಿದು ತಲೆಯ ಕಡೆ ನೋಡೋಳು. "ಕಣ್ಣೂ ಬಂದದೆ ಕಣಪ್ಪ, ಇನ್ನು ಅದಕ್ಕೆ ಕಾಣ್ತದೆ" ಅನ್ನೋಳು. ಪೊರೆ ಬಂದಿರೋ ಹಾವಿನ ಹತ್ತಿರ ಹೋಗಬೇಡ, ಕಣ್ಣು ಕಾಣದೆ ಸಿಟ್ಟಲ್ಲಿರ್ತದೆ ಅನ್ನೋದು ಅವಳ ಇನ್ನೊಂದು ಮಾತು.

ಎರಡೂ ನಿಜವೇ. ಹಾವಿಗೆ ರೆಪ್ಪೆ ಇಲ್ಲ. ಕಣ್ಣಿನ ಮೇಲೆ ಪಾರದರ್ಶಕವಾದ ಒಂದು ಮುಚ್ಚಳವಿದೆ, ಅದೂ ಚರ್ಮದ್ದೇ ಭಾಗ. ಹಳೆ ಚರ್ಮಕ್ಕೂ ಹೊಸದಕ್ಕೂ ನಡುವೆ ದ್ರವ ತುಂಬಿಕೊಂಡಾಗ ಕಣ್ಣು ನೀಲಿ ಬೆರೆತ ಹಾಲಿನ ಬಣ್ಣಕ್ಕೆ ತಿರುಗುತ್ತದೆ. ಕೆಲ ದಿನಕ್ಕೆ ಮತ್ತೆ ತಿಳಿಯಾಗುತ್ತದೆ. ಅದಾದ ಮೇಲೆ ಹಾವು ಒರಟಾದ ಯಾವುದಕ್ಕೋ ಮೂತಿ ಉಜ್ಜಿ ಪೊರೆ ಬಿಡಿಸಿಕೊಳ್ಳುತ್ತದೆ. ಸುತ್ತಲ ಗಾಳಿ ಒಣಗಿದ್ದರೆ ಈ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ಕಣ್ಣಿನ ಮುಚ್ಚಳ ಅಂಟಿಕೊಂಡು ಉಳಿಯುತ್ತದೆ. ಬಾಲದ ಉಂಗುರ ರಕ್ತ ಹರಿಯದಂತೆ ಬಿಗಿದರೆ ತುದಿ ಸತ್ತೇ ಹೋಗಬಹುದು.

ಕಣ್ಣಿಗೆ ಬರುವ ಕಾಯಿಲೆಗೂ ನಾವು ಪೊರೆ ಅಂತಲೇ ಹೇಳುತ್ತೇವೆ. ಕಾಪಾಡುವುದಕ್ಕೂ ಪೊರೆಯುವುದು ಅನ್ನುತ್ತೇವೆ. ಇನ್ನೊಂದು ತಮಾಷೆ ನೋಡಿ. ಸುಮಾರು ಸಾವಿರ ವರ್ಷದ ಹಿಂದೆ ಶುರುವಾಗಿ ಕನ್ನಡ ತನ್ನ ಪಕಾರವನ್ನು ಕಳಚಿಕೊಂಡು ಹಕಾರ ತೊಟ್ಟಿತು. ಪಾವು ಹಾವಾಯಿತು, ಪುತ್ತು ಹುತ್ತವಾಯಿತು. ಪೊರೆ ಮಾತ್ರ ನಮ್ಮ ಬಾಯಲ್ಲಿ ಪೊರೆಯಾಗಿಯೇ ಉಳಿಯಿತು!

ಈಗ ಹುತ್ತದ ವಿಷಯ. ಹುತ್ತ ಕಟ್ಟುವುದು ಗೆದ್ದಲು, ಸೇರಿಕೊಳ್ಳುವುದು ಹಾವು. ಹೊರಗೆ ಏಪ್ರಿಲ್ ಬಿಸಿಲು ಸುಡುತ್ತಿದ್ದರೂ ಹುತ್ತದ ಒಳಗೆ ತಂಪು, ಕತ್ತಲು, ತೇವ. ಗೆದ್ದಲಿಗೆ ತಾನು ಬೆಳೆಸುವ ಶಿಲೀಂಧ್ರಕ್ಕಾಗಿ ಆ ತೇವ ಬೇಕು, ಹಾವಿಗೆ ಅದು ಪುಕ್ಕಟೆ. ನಾಗರ ಪಂಚಮಿಗೆ ನಾವು ಹಾಲೆರೆದದ್ದು ಇದೇ ಮನೆಗೆ. ಹಾಲು ಹಾವಿನ ಆಹಾರವಲ್ಲ ಅನ್ನೋದು ಬೇರೆ ಮಾತು, ವಿಳಾಸವಂತೂ ಸರಿಯಾಗಿತ್ತು.

ಅದೇ ಹಾವನ್ನು ಮನುಷ್ಯ ಹಿಡಿದು ಇಟ್ಟುಕೊಂಡಾಗ ವಿಳಾಸ ಮರೆತ. ನಮ್ಮಲ್ಲಿ ಹಾವಾಡಿಗರ ಬಿದಿರಿನ ಬುಟ್ಟಿ, ಒಳಗೆ ಒಂದು ಬಟ್ಟೆ, ಅಷ್ಟೆ. ಹಲ್ಲು ಕಿತ್ತ ಹಾವಿಗೆ ಪೊರೆಯ ಚಿಂತೆ ಯಾರು ಮಾಡುತ್ತಾರೆ? 1849ರಲ್ಲಿ ಲಂಡನ್ ಮೃಗಾಲಯ ಹಾವು, ಹಲ್ಲಿ, ಮೊಸಳೆಗಳಿಗೆ ಅಂತಲೇ ಒಂದು ಮನೆ ತೆರೆಯಿತು, ಜಗತ್ತಿನಲ್ಲೇ ಮೊದಲನೆಯದು. ಅವರಿಗೆ ಹಾವು ಚಳಿಗೆ ಸಾಯುತ್ತದೆ ಅನ್ನೋದೇ ಭಯ. ಹಾಗಾಗಿ ದೊಡ್ಡ ಹಾವುಗಳಿಗೆ ಉಣ್ಣೆಯ ಕಂಬಳಿ ಕೊಟ್ಟರು. 1850ರ ಆಸುಪಾಸಿನಲ್ಲಿ ಒಂದು ಹಾವು ಆ ಕಂಬಳಿಯನ್ನೇ ನುಂಗಿ, ಎಷ್ಟೋ ದಿನ ಹೊಟ್ಟೆಯಲ್ಲಿಟ್ಟುಕೊಂಡು, ಆಮೇಲೆ ಕಕ್ಕಿತು. ತಳಹಾಸಿನ ಚರಿತ್ರೆಯಲ್ಲಿ ಇದಕ್ಕಿಂತ ಸ್ಪಷ್ಟವಾದ ಬಗ್ ರಿಪೋರ್ಟ್ ನನಗಂತೂ ಸಿಕ್ಕಿಲ್ಲ. ಆಮೇಲೆ ಜಲ್ಲಿ, ಮರಳು, ಮರದ ಸಿಪ್ಪೆ, ದಿನಪತ್ರಿಕೆ ಎಲ್ಲವೂ ಹಾವಿನ ಪೆಟ್ಟಿಗೆಗೆ ಬಂದವು. ಇವುಗಳಲ್ಲಿ ಹೆಚ್ಚಿನವು ಸಾಕುವವನಿಗೆ ಗುಡಿಸಲು ಸುಲಭ. ದೇವದಾರು ಜಾತಿಯ ಕೆಲವು ಮರದ ಸಿಪ್ಪೆಯಲ್ಲಿರುವ ಎಣ್ಣೆಯಂತೂ ಹಾವಿಗೆ ವಿಷ.

ಗೆಳೆಯನ ಗಾಜಿನ ಪೆಟ್ಟಿಗೆಯಲ್ಲಿ ಇದ್ದದ್ದೂ ದಿನಪತ್ರಿಕೆಯೇ, ಮೇಲೆ ಏಸಿ ಬೇರೆ. ಬೆಂಗಳೂರಿನ ಫೆಬ್ರವರಿ ಮೊದಲೇ ಒಣ. ಅವನ ಹಾವಿನ ಊರು ಪಶ್ಚಿಮ ಆಫ್ರಿಕಾ. ಅಲ್ಲಿ ಅದು ಹಗಲು ಕಳೆಯುವುದು ಇಲಿ ಬಿಲದಲ್ಲಿ, ಮತ್ತೆ ಎಲ್ಲಿ ಹೇಳಿ? ಗೆದ್ದಲ ಹುತ್ತದಲ್ಲಿ! ಇದನ್ನು ಓದಿದಾಗ ನಾನು ಒಬ್ಬನೇ ನಕ್ಕೆ.

ಈಗ ಲೋಕದ ಹಾವು ಸಾಕುವವರು ಮೆಚ್ಚಿಕೊಂಡಿರುವ ತಳಹಾಸುಗಳಲ್ಲಿ ಒಂದು ತೆಂಗಿನ ನಾರಿನ ಪುಡಿ, ಕೋಕೋಪೀಟ್. ತುಮಕೂರು, ಹಾಸನ ಕಡೆ ನಾರು ತೆಗೆಯುವ ಕಾರ್ಖಾನೆಗಳ ಪಕ್ಕ ಬೆಟ್ಟದಂತೆ ಬಿದ್ದಿರುತ್ತಿದ್ದ ಕಸ ಅದು. ತನ್ನ ತೂಕದ ಏಳೆಂಟು ಪಟ್ಟು ನೀರು ಹಿಡಿದು ನಿಧಾನಕ್ಕೆ ಗಾಳಿಗೆ ಬಿಡುತ್ತದೆ ಅನ್ನೋದು ಗೊತ್ತಾದ ಮೇಲೆ ಇಟ್ಟಿಗೆಯಾಗಿ ಒತ್ತಿ ಹಡಗು ಹತ್ತಿಸಿದರು. ಗೆಳೆಯ ಅದನ್ನು ಆನ್‌ಲೈನಿನಲ್ಲಿ ತರಿಸಿದ. ಊರಿಗೆ ಹೋದಾಗ ಒಂದು ಚೀಲ ತಂದುಕೊಡುತ್ತಿದ್ದೆನಲ್ಲೋ ಅಂದೆ.

ಅಂಟಿದ ಪೊರೆಯನ್ನು ಕೈಯಿಂದ ಕೀಳಬೇಡ ಅಂತ ಪಶುವೈದ್ಯರು ಹೇಳಿದ್ದರು, ಕಣ್ಣಿನದನ್ನಂತೂ ಮುಟ್ಟಲೇಬೇಡ ಅಂತ. ಒದ್ದೆ ಬಟ್ಟೆಯ ಮೇಲೆ ಹರಿದಾಡಲು ಬಿಟ್ಟು ಮೈ, ಬಾಲ ಬಿಡಿಸಿದರು. ಕಣ್ಣಿಗೆ ಮುಂದಿನ ಪೊರೆಯವರೆಗೆ ಕಾಯುವುದು. ಇವನು ಪುಡಿಯನ್ನು ಮೂರು ಇಂಚು ಹಾಸಿದ. ಮೂತಿ ಉಜ್ಜಲು ಒಂದು ಒರಟು ಕೊಂಬೆ ಇಟ್ಟ. ಮೂಲೆಯಲ್ಲಿ ಪಾಚಿ ತುಂಬಿದ, ಒಂದೇ ತೂತಿನ ಒದ್ದೆ ಡಬ್ಬಿ. ಉತ್ಸಾಹಕ್ಕೆ ಮೊದಲ ವಾರ ನೀರು ಜಾಸ್ತಿ ಸುರಿದು ಕೆಸರು ಮಾಡಿದ್ದ. ಹಾಗಾದರೆ ಹೊಟ್ಟೆಯ ಹುರುಪೆ ಕೊಳೆಯುತ್ತದೆ ಅಂತ ಮತ್ತೆ ಬೈಸಿಕೊಂಡ.

ಹಾವನ್ನು ಫ್ಲಾಟಿನಲ್ಲಿ ಇಡುವುದು ಸರಿಯಾ ಅಂತ ಕೇಳಿದರೆ, ನನಗೆ ಈಗಲೂ ಪೂರ್ತಿ ಮನಸ್ಸಿಲ್ಲ. ನಮ್ಮ ನಾಗರ, ಕೇರೆ ಸಾಕುವುದು 1972ರ ವನ್ಯಜೀವಿ ಕಾಯ್ದೆ ಮತ್ತು ಅದರ ತಿದ್ದುಪಡಿಗಳ ಪ್ರಕಾರ ಅಪರಾಧ. ಇಂಥ ವಿದೇಶಿ ಹಾವಿಗೆ 2022ರ ತಿದ್ದುಪಡಿ ಮತ್ತು 2024ರ ನಿಯಮಗಳಂತೆ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಆಗಬೇಕು. ಅವನದು ಆಗಿದೆ, ನಾನೇ ಕೂತು ಫಾರ್ಮ್ ತುಂಬಿಸಿದ್ದು. ಆದರೂ ತಂದಾಗಿದೆಯಲ್ಲ, ಇನ್ನು ಆ ಜೀವದ ಕಣ್ಣು ಅವನ ಜವಾಬ್ದಾರಿ.

ಏಪ್ರಿಲ್‌ನಲ್ಲಿ ಒಂದು ರಾತ್ರಿ ಫೋಟೋ ಕಳಿಸಿದ. ಡಬ್ಬಿಯ ತೂತಿನಿಂದ ಹೊರಗೆ ಉದ್ದಕ್ಕೆ ಬಿದ್ದಿತ್ತು, ಒಂದೇ ಪೀಸು. ನಾನು ತಲೆಯ ಕಡೆ ಜೂಮ್ ಮಾಡಿದೆ. ಒಂದು ಕಡೆ ಒಂದು ಮುಚ್ಚಳ, ಇನ್ನೊಂದು ಕಡೆ ಒಂದರ ಮೇಲೊಂದು ಎರಡು.