ನೋಡುವವರನ್ನು ನೋಡುವ ಪೆಟ್ಟಿಗೆ

1935ರ ಸೆಪ್ಟೆಂಬರಿನಲ್ಲಿ ಮೈಸೂರಿನ ಮನಶ್ಶಾಸ್ತ್ರ ಪ್ರಾಧ್ಯಾಪಕ ಡಾ. ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರವನ್ನು ಆರಂಭಿಸಿದರು. ಅಂದಿನ ರೇಡಿಯೋ ಪೆಟ್ಟಿಗೆಗೆ ಬಾಯಿ ಇತ್ತು, ಕಿವಿ ಇರಲಿಲ್ಲ. ಕೇಳುಗನು ತಿರುಪನ್ನು ಎತ್ತ ತಿರುಗಿಸಿದನೆಂಬುದು ಅವನಿಗೂ ಅವನ ಮನೆಯವರಿಗೂ ಮಾತ್ರ ತಿಳಿದ ಸಂಗತಿ. ಅಂಚೆ ಕಚೇರಿಯಲ್ಲಿ ವರ್ಷವರ್ಷವೂ ಲೈಸೆನ್ಸನ್ನು ನವೀಕರಿಸುವ ಕಾಟವನ್ನು ನನ್ನ ತಲೆಮಾರಿನವರು ಬಲ್ಲರು. ಆದರೆ ಸರ್ಕಾರ ಅದರಿಂದ ಅರಿತದ್ದು ಈ ಮನೆಯಲ್ಲಿ ರೇಡಿಯೋ ಇದೆ ಎಂಬುದನ್ನಷ್ಟೆ.

ಕೇಳುಗನ ಅಭಿರುಚಿಯನ್ನು ಅಳೆಯುವ ಹಂಬಲ ಹೊಸದೇನಲ್ಲ. ಅಮೆರಿಕದ ಆರ್ಥರ್ ನೀಲ್ಸನ್ 1936ರಲ್ಲಿ 'ಆಡಿಮೀಟರ್' ಎಂಬ ಉಪಕರಣದ ಹಕ್ಕನ್ನು ಪಡೆದನು. ರೇಡಿಯೋ ಯಾವ ನಿಲಯಕ್ಕೆ ಎಷ್ಟು ಹೊತ್ತು ಹೊಂದಿಕೊಂಡಿತ್ತೆಂಬುದನ್ನು ಅದು ಕಾಗದದ ಸುರುಳಿಯ ಮೇಲೆ ದಾಖಲಿಸುತ್ತಿತ್ತು. 1942ರಲ್ಲಿ ಈ ಸೇವೆ ಜಾಹೀರಾತುದಾರರಿಗೆ ಲಭ್ಯವಾಯಿತು. ಆದರೆ ಒಂದು ಮಾತನ್ನು ಮರೆಯಬಾರದು: ಒಪ್ಪಿದ ಮನೆಗಳಲ್ಲಿ ಮಾತ್ರ ಅದನ್ನು ಇರಿಸಲಾಗುತ್ತಿತ್ತು.

ಇಂದಿನ 'ಸ್ಮಾರ್ಟ್' ಟೆಲಿವಿಷನ್ ಆ ಮರ್ಯಾದೆಯನ್ನು ಬಿಟ್ಟುಕೊಟ್ಟಿದೆ. ಅಂತರಜಾಲಕ್ಕೆ ಜೋಡಿಸಿದ ಅನೇಕ ಪೆಟ್ಟಿಗೆಗಳು ತೆರೆಯ ಮೇಲಿನ ಚಿತ್ರದ ಕೆಲವು ಚುಕ್ಕೆಗಳನ್ನು ಆಗಾಗ ಆಯ್ದು, ಹೆಬ್ಬೆಟ್ಟಿನ ಗುರುತಿನಂತೆ ದೂರದ ಭಂಡಾರದೊಡನೆ ತಾಳೆನೋಡಿ, ನಾವು ನೋಡುತ್ತಿರುವುದೇನೆಂದು ಕಂಡುಹಿಡಿಯಬಲ್ಲವು. ನಮ್ಮದೇ ಡಿ.ವಿ.ಡಿ. ಹಾಕಿಕೊಂಡರೂ ಬಿಡುಗಡೆಯಿಲ್ಲ. ಹೀಗೆ ಒಂದು ಕೋಟಿ ಹತ್ತು ಲಕ್ಷ ಟೆಲಿವಿಷನ್ನುಗಳಿಂದ, ನೋಡುಗರಿಗೆ ಸರಿಯಾಗಿ ತಿಳಿಸದೆ, ಕ್ಷಣಕ್ಷಣದ ವಿವರವನ್ನು ಸಂಗ್ರಹಿಸಿ ಮಾರಿತೆಂಬ ಆರೋಪ ಅಮೆರಿಕದ ವಿಜಿಯೊ ಕಂಪನಿಯ ಮೇಲೆ ಬಂದಿತು. 2017ರ ಫೆಬ್ರವರಿಯಲ್ಲಿ ಅದು 22 ಲಕ್ಷ ಡಾಲರ್ ತೆತ್ತು ವ್ಯಾಜ್ಯವನ್ನು ಇತ್ಯರ್ಥಪಡಿಸಿಕೊಂಡಿತು.

ಅದೇ ವರ್ಷದ ಆಗಸ್ಟ್ 24ರಂದು ನಮ್ಮ ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಾಧೀಶರ ಪೀಠವು ಖಾಸಗಿತನವು ಮೂಲಭೂತ ಹಕ್ಕೆಂದು ಸಾರಿತು. ಅರ್ಜಿದಾರರಾಗಿದ್ದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. ಆ ಮೊಕದ್ದಮೆ ಆಧಾರ್ ಕುರಿತದ್ದಾದರೂ ತೀರ್ಪಿನ ತತ್ತ್ವ ನಮ್ಮ ನಡುಮನೆಗೂ ಸಲ್ಲುತ್ತದೆ.

ನಾನು ಈಚೆಗೆ ಕೊಂಡ ಪೆಟ್ಟಿಗೆ, ಸಂಗೀತ ಕೇಳಿಸುವ ಮೊದಲು, ಪುಟಗಟ್ಟಲೆ ಷರತ್ತುಗಳನ್ನು ತೋರಿಸಿ ಸಮ್ಮತಿ ಬೇಡಿತು. ಓದಿ ಮುಗಿಸಲು ವ್ಯವಧಾನವಿಲ್ಲ. ಒತ್ತದಿದ್ದರೆ ಮುಂದಿನ ದಾರಿಯಿಲ್ಲ. 'ಸಮ್ಮತಿ' ಎಂಬ ಪದದಲ್ಲಿ 'ಮತಿ' ಇದೆ. ಎರಡು ಮತಿಗಳು ಕೂಡಿದಲ್ಲಿ ಸಮ್ಮತಿ. ಒಂದು ಬೆರಳು ಗುಂಡಿಯನ್ನು ಒತ್ತಿದ ಮಾತ್ರಕ್ಕೆ ಅದು ಸಿದ್ಧಿಸದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯೂ ಸಮ್ಮತಿಯು ಮುಕ್ತವಾಗಿರಬೇಕು, ತಿಳಿದು ಕೊಟ್ಟದ್ದಾಗಿರಬೇಕು ಎನ್ನುತ್ತದೆ.

ನಾನು ಯಂತ್ರದ್ವೇಷಿಯಲ್ಲ. ಮನೆಯಲ್ಲಿಯೇ ಕುಳಿತು ದೇಶವಿದೇಶಗಳ ಉತ್ತಮ ಚಿತ್ರಗಳನ್ನು ನೋಡುವ ಭಾಗ್ಯ ನಮ್ಮ ಹಿರಿಯರಿಗೆ ಇರಲಿಲ್ಲ. ಆದರೆ ಬೇಡವಾದುದನ್ನು ಬೇಡವೆನ್ನುವ ಸ್ವಾತಂತ್ರ್ಯ ಅವರಿಗಿತ್ತು. ಆ ಸ್ವಾತಂತ್ರ್ಯವನ್ನು ನಾವಾಗಿ ಕೇಳಿ ಪಡೆಯಬೇಕಾಗಿದೆ. ಕೊಳ್ಳುವಾಗ ಅಂಗಡಿಯವನನ್ನು ವಿಚಾರಿಸೋಣ. ಸೆಟ್ಟಿಂಗ್ಸಿನಲ್ಲಿ ಅಡಗಿರುವ ಈ ಸೌಲಭ್ಯವನ್ನು ಹುಡುಕಿ ಆರಿಸೋಣ. ಅಗತ್ಯವಿಲ್ಲದಾಗ ಜಾಲದ ನಂಟನ್ನೇ ಕಡಿಯೋಣ. ನಾವು ದುಡ್ಡು ಕೊಟ್ಟು ತಂದ ಅತಿಥಿ ನಮ್ಮ ಮನೆಯ ಮಾತನ್ನು ಹೊರಗೆ ಒಯ್ಯಬಾರದು.