ಕಾರ್ಡಿನಲ್ಲಿಲ್ಲದ ಲಸಿಕೆ: ಹೆಗ್ಗನಹಳ್ಳಿಯ ದುಡಿಯುವ ಮನೆಗಳಲ್ಲಿ ಫ್ಲೂ ಚುಚ್ಚುಮದ್ದಿನ ಲೆಕ್ಕ

ಮಕ್ಕಳಿಗೆ ಲಸಿಕೆ ಹಾಕಿಸದ ತಂದೆತಾಯಿಗಳ ಬಗ್ಗೆ ಬರೆಯುವವರು ಕಾರಣವನ್ನು ಅವರ ಮನಸ್ಸಿನೊಳಗೇ ಹುಡುಕುವುದು ರೂಢಿ. ಭಯ, ಅಪನಂಬಿಕೆ, ವದಂತಿ, ತಿಳಿವಳಿಕೆಯ ಕೊರತೆ ಎಂದು ಪಟ್ಟಿ ಬೆಳೆಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಜಗತ್ತಿನ ಆರೋಗ್ಯಕ್ಕೆ ಎದುರಾಗಿರುವ ಹತ್ತು ಅಪಾಯಗಳನ್ನು ಹೆಸರಿಸಿ, ಅದರಲ್ಲಿ ಲಸಿಕೆಯ ಕುರಿತ ಹಿಂಜರಿಕೆಯನ್ನೂ ಸೇರಿಸಿದ ಮೇಲೆ ಈ ರೂಢಿ ಇನ್ನೂ ಗಟ್ಟಿಯಾಯಿತು. ಅದೇ ಪಟ್ಟಿಯಲ್ಲಿ ಫ್ಲೂ ಮಹಾಮಾರಿಯೂ ಇತ್ತು. ಅದು ಯಾರ ಗಮನಕ್ಕೂ ಅಷ್ಟಾಗಿ ಬೀಳಲಿಲ್ಲ. ಪಶ್ಚಿಮ ಬೆಂಗಳೂರಿನ ಹೆಗ್ಗನಹಳ್ಳಿಯಂಥ ಬಡಾವಣೆಯಲ್ಲಿ ಐದು ವರ್ಷದೊಳಗಿನ ಮಕ್ಕಳಿಗೆ ಫ್ಲೂ ಚುಚ್ಚುಮದ್ದು ಹಾಕಿಸುವ ಪ್ರಶ್ನೆಯನ್ನು ಈ ಹಿಂಜರಿಕೆಯ ಚೌಕಟ್ಟಿನಲ್ಲಿ ಇಟ್ಟು ನೋಡಿದರೆ ನಮಗೆ ಕಾಣುವುದು ಕಡಿಮೆ, ತಪ್ಪಾಗಿ ಕಾಣುವುದೇ ಹೆಚ್ಚು ಎಂಬುದು ಈ ಲೇಖನದ ವಾದ. ಇದು ಮನೆಮನೆ ಸಮೀಕ್ಷೆಯಲ್ಲ. ಪ್ರಕಟವಾದ ಅಧ್ಯಯನಗಳ ಅಂಕಿಗಳನ್ನು ಇಲ್ಲಿನ ಕೂಲಿ, ರಜೆ, ಬಾಡಿಗೆ ಮನೆಗಳ ಬದುಕಿಗೆ ಹೊಂದಿಸಿ ನೋಡುವ ಪ್ರಯತ್ನ.

ಹೆಗ್ಗನಹಳ್ಳಿ ಇರುವುದು ಪೀಣ್ಯ ಕೈಗಾರಿಕಾ ಪ್ರದೇಶದ ಮಗ್ಗುಲಲ್ಲಿ. ಸುತ್ತ ರಾಜಗೋಪಾಲನಗರ, ಲಗ್ಗೆರೆ, ಸುಂಕದಕಟ್ಟೆ. ಲೇತು, ಮಿಲ್ಲಿಂಗು, ಪೌಡರ್ ಕೋಟಿಂಗಿನ ಸಣ್ಣ ಶೆಡ್ಡುಗಳಿಗೆ ಗಂಡಸರು, ಗಾರ್ಮೆಂಟ್ಸಿಗೆ ಹೆಂಗಸರು ಹೋಗುವುದು ಇಲ್ಲಿ ಬೆಳಗಿನ ಸಾಮಾನ್ಯ ನೋಟ. ತುಮಕೂರು, ಮಂಡ್ಯ, ಹಾಸನದ ಕಡೆಯಿಂದಲೂ ಉತ್ತರ ಕರ್ನಾಟಕದಿಂದಲೂ ಬಂದು ನೆಲೆಸಿದವರು ಬಹಳ. ಒಂದು ಸಣ್ಣ ಸೈಟಿನಲ್ಲಿ ಮೂರು ಮಹಡಿ ಎಬ್ಬಿಸಿ, ಮಹಡಿಗೆರಡು ಮನೆ ಮಾಡಿ ಬಾಡಿಗೆಗೆ ಕೊಟ್ಟಿರುತ್ತಾರೆ. ಒಂದೇ ಮೆಟ್ಟಿಲು, ಒಂದೇ ನಲ್ಲಿ, ಸಂಜೆಯಾದರೆ ಎಲ್ಲ ಮಕ್ಕಳೂ ಒಂದೇ ಜಗಲಿಯಲ್ಲಿ. ಕೆಳಗಿನ ಮನೆಯ ಮಗುವಿಗೆ ಸೋಮವಾರ ಮೂಗು ಸೋರಲು ಶುರುವಾದರೆ ಗುರುವಾರದೊಳಗೆ ಅದು ಮೇಲಿನ ಮಹಡಿ ತಲುಪಿರುತ್ತದೆ. ಉಸಿರಿನಿಂದ ಹರಡುವ ವೈರಸ್ಸಿಗೆ ಇದಕ್ಕಿಂತ ಅನುಕೂಲ ಬೇಕಿಲ್ಲ.

ಈ ಮನೆಗಳಲ್ಲಿ ರೇಷನ್ ಕಾರ್ಡು, ಆಧಾರ್ ಜೊತೆ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಟ್ರಂಕಿನಲ್ಲೋ ಬೀರುವಿನಲ್ಲೋ ಇಟ್ಟ ಇನ್ನೊಂದು ಕಾಗದ ತಾಯಿ ಕಾರ್ಡು. ಅದರಲ್ಲಿ ಲಸಿಕೆಯ ಪುಟ ತೆಗೆದರೆ ಸಾಲುಸಾಲು ಚೌಕಗಳು. ಹುಟ್ಟಿದಾಗ ಬಿಸಿಜಿ, ಪೋಲಿಯೊ, ಹೆಪಟೈಟಿಸ್ ಬಿ. ಆರು, ಹತ್ತು, ಹದಿನಾಲ್ಕನೇ ವಾರಗಳಲ್ಲಿ ಪೆಂಟಾವೇಲೆಂಟ್ ಮತ್ತು ರೋಟಾ, ನಡುನಡುವೆ ನ್ಯುಮೋಕಾಕಲ್. ಒಂಬತ್ತು ತಿಂಗಳಿಗೆ ದಡಾರ-ರುಬೆಲ್ಲಾ. ನರ್ಸಮ್ಮ ಚುಚ್ಚಿದ ದಿನ ಚೌಕದಲ್ಲಿ ಬಾಲ್‌ಪೆನ್ನಿನಿಂದ ತಾರೀಖು ಬರೆಯುತ್ತಾರೆ, ಪಕ್ಕದಲ್ಲಿ ಮತ್ತೆ ಬರಬೇಕಾದ ಲಸಿಕೆ ದಿನದ, ಅಂದರೆ ಯಾವುದೋ ಒಂದು ಗುರುವಾರದ, ತಾರೀಖು. ಖಾಲಿ ಚೌಕ ಉಳಿದರೆ ಆಶಾ ಕಾರ್ಯಕರ್ತೆ ಬಾಗಿಲಿಗೆ ಬರುತ್ತಾಳೆ. ಪಟ್ಟಿಯ ಲಸಿಕೆಗಳನ್ನು ಪೂರ್ಣಗೊಳಿಸಿದ್ದಕ್ಕೆ ಆಕೆಗೆ ಪ್ರೋತ್ಸಾಹಧನವಿದೆ. ಈ ಚೌಕಗಳಲ್ಲಿ ಫ್ಲೂ ಎಲ್ಲಿಯೂ ಇಲ್ಲ. 1985ರಲ್ಲಿ ಶುರುವಾದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮ ಆಮೇಲೆ ಎಷ್ಟೋ ಹೊಸ ಲಸಿಕೆಗಳನ್ನು ಸೇರಿಸಿಕೊಂಡಿದ್ದರೂ ಇದನ್ನು ಸೇರಿಸಿಕೊಂಡಿಲ್ಲ. ಚೌಕವಿಲ್ಲದ ಮೇಲೆ ಆಶಾ ಅದರ ಮಾತು ಎತ್ತಲು ಕಾರಣವೂ ಇಲ್ಲ.

ಫ್ಲೂ ಚುಚ್ಚುಮದ್ದಿನ ಹೆಸರು ಇಲ್ಲಿನ ತಾಯಿಯ ಕಿವಿಗೆ ಬೀಳುವುದು ಮಕ್ಕಳ ಡಾಕ್ಟರ ಖಾಸಗಿ ಕ್ಲಿನಿಕ್ಕಿನಲ್ಲಿ, ಅದೂ ಮಗು ಜ್ವರ ಬಂದು ಅಳುತ್ತಿರುವಾಗ. ಅಲ್ಲಿನ ಬಣ್ಣದ ಪುಸ್ತಕದಲ್ಲಿ ಭಾರತೀಯ ಮಕ್ಕಳ ತಜ್ಞರ ಅಕಾಡೆಮಿಯ ಪಟ್ಟಿ ಅಚ್ಚಾಗಿರುತ್ತದೆ. ಅಕಾಡೆಮಿ ಮೊದಲು ಅಪಾಯ ಹೆಚ್ಚಿರುವ ಮಕ್ಕಳಿಗೆ ಮಾತ್ರ ಈ ಲಸಿಕೆ ಸೂಚಿಸುತ್ತಿತ್ತು. ಈಗ ಆರು ತಿಂಗಳಿಂದ ಐದು ವರ್ಷದವರೆಗಿನ ಎಲ್ಲ ಮಕ್ಕಳಿಗೂ ಪ್ರತಿವರ್ಷ ಹಾಕಿಸಿ ಎನ್ನುತ್ತದೆ. ಮೊದಲ ವರ್ಷ ನಾಲ್ಕು ವಾರದ ಅಂತರದಲ್ಲಿ ಎರಡು ಡೋಸು, ಆಮೇಲೆ ವರ್ಷಕ್ಕೊಂದು. ಡೋಸಿಗೆ ಒಂದೂವರೆ ಸಾವಿರ ರೂಪಾಯಿ ಆಸುಪಾಸು. ಇದರ ಮುಂದಿನ ಸಾಲುಗಳಲ್ಲೇ ಟೈಫಾಯ್ಡ್, ಹೆಪಟೈಟಿಸ್ ಎ, ಚಿಕನ್‌ಪಾಕ್ಸ್ ಕೂಡ ದುಡ್ಡಿಗೆ ಕಾಯುತ್ತ ನಿಂತಿರುತ್ತವೆ. ನೀರಿನ ಬಗ್ಗೆ ಭರವಸೆಯಿಲ್ಲದ ಬೀದಿಯಲ್ಲಿ ಒಂದನ್ನೇ ಹಾಕಿಸಬಲ್ಲ ಮನೆ ಟೈಫಾಯ್ಡನ್ನು ಆರಿಸಿಕೊಂಡರೆ ಅದನ್ನು ಅವಿವೇಕ ಎನ್ನಲಾಗದು.

ಇಲ್ಲಿ ಸಹಜವಾಗಿ ಏಳುವ ಪ್ರಶ್ನೆ: ‘ಅಷ್ಟು ಮುಖ್ಯ ಆಗಿದ್ರೆ ಸರ್ಕಾರದೋರೇ ಹಾಕ್ತಿರಲಿಲ್ವಾ?’ ಇದನ್ನು ಅಜ್ಞಾನವೆಂದು ಬದಿಗೆ ತಳ್ಳುವವರು ಗಮನಿಸಬೇಕಾದ ಸಂಗತಿಯೊಂದಿದೆ. ನಮ್ಮ ನಾಡಿನಲ್ಲಿ ಲಸಿಕೆಗೆ ಪ್ರಭುತ್ವವೇ ಸಾಕ್ಷಿ ನಿಲ್ಲುತ್ತ ಬಂದಿದೆ. ಸುಮಾರು 1805ರಲ್ಲಿ ಥಾಮಸ್ ಹಿಕಿ ಬರೆದನೆನ್ನಲಾದ ಮೈಸೂರು ರಾಜಮನೆತನದ ಹೆಂಗಸರ ಚಿತ್ರದಲ್ಲಿ ಒಬ್ಬಾಕೆ ಸೆರಗು ಸರಿಸಿ ತೋಳು ತೋರಿಸುತ್ತಿರುವುದು ಸಿಡುಬಿನ ಹೊಸ ಲಸಿಕೆಯ ಪ್ರಚಾರಕ್ಕೆಂದೇ ಎಂದು ಇತಿಹಾಸಕಾರ ನೈಜೆಲ್ ಚಾನ್ಸಲರ್ ವಿವರಿಸಿದ್ದಾರೆ. ಅರಮನೆ ಹಾಕಿಸಿಕೊಂಡಿತು, ನೀವೂ ಹಾಕಿಸಿಕೊಳ್ಳಿ ಎಂಬ ಮಾತು ಅದು. ಪ್ರಭುತ್ವ ಹಾಗೆ ಮಾತಾಡುವುದನ್ನು ಕೇಳಿ ಬೆಳೆದ ಸಮಾಜ ಅದರ ಮೌನಕ್ಕೂ ಅರ್ಥ ಹಚ್ಚುತ್ತದೆ. ಕೇಂದ್ರ ಆರೋಗ್ಯ ಸಚಿವಾಲಯ ಫ್ಲೂ ಲಸಿಕೆಗೆ ಮಾರ್ಗಸೂಚಿ ಹೊರಡಿಸಿ, ಆರೋಗ್ಯ ಕಾರ್ಯಕರ್ತರನ್ನೂ ಗರ್ಭಿಣಿಯರನ್ನೂ ಮುಂದಿನ ಸಾಲಿನಲ್ಲಿ ಇರಿಸಿದೆ. ಚಿಕ್ಕ ಮಕ್ಕಳ ವಿಷಯಕ್ಕೆ ಬಂದಾಗ ಅದರ ದನಿ ಅಕಾಡೆಮಿಯಷ್ಟು ಗಟ್ಟಿಯಾಗಿಲ್ಲ. ಪರಿಣತರೇ ಎರಡು ಬಗೆಯಲ್ಲಿ ಹೇಳುವಾಗ ತಾಯಿ ಅನುಮಾನಿಸಿದರೆ ದೋಷ ಅವಳದೇ?

ಹಿಂಜರಿಕೆಯ ವಾದವನ್ನು ಒರೆಗೆ ಹಚ್ಚಲು ಎರಡು ಪ್ರಸಂಗಗಳು ನಮ್ಮ ಕಣ್ಣೆದುರೇ ನಡೆದಿವೆ. 2017ರ ಫೆಬ್ರುವರಿಯಲ್ಲಿ ಕರ್ನಾಟಕದಲ್ಲಿ ದಡಾರ-ರುಬೆಲ್ಲಾ ಅಭಿಯಾನ ನಡೆದಾಗ ಒಂಬತ್ತು ತಿಂಗಳಿಂದ ಹದಿನೈದು ವರ್ಷದವರೆಗಿನ ಒಂದೂವರೆ ಕೋಟಿಗೂ ಮಿಕ್ಕ ಮಕ್ಕಳು ಅದರ ಗುರಿಯಾಗಿದ್ದರು. ವಾಟ್ಸ್‌ಆ್ಯಪಿನಲ್ಲಿ ವದಂತಿ ಧಾರಾಳವಾಗಿ ಹರಿದಾಡಿತು. ಆದರೂ ಶಾಲೆಯಲ್ಲೇ, ಉಚಿತವಾಗಿ, ಎಲ್ಲರ ಜೊತೆ ಸಾಲಾಗಿ ನಿಂತು ಬಹುಪಾಲು ಮಕ್ಕಳು ಚುಚ್ಚಿಸಿಕೊಂಡರು. ಎರಡನೆಯದು ನ್ಯುಮೋಕಾಕಲ್ ಲಸಿಕೆ. 2021ರಲ್ಲಿ ದೇಶವ್ಯಾಪಿಯಾಗಿ ಉಚಿತ ಪಟ್ಟಿಗೆ ಬರುವ ತನಕ ಅದೂ ಖಾಸಗಿ ಕ್ಲಿನಿಕ್ಕಿನ ದುಬಾರಿ ಸರಕೇ ಆಗಿತ್ತು, ಡೋಸಿಗೆ ಸಾವಿರಗಟ್ಟಲೆ. ಕಾರ್ಡಿನಲ್ಲಿ ಚೌಕ ಮೂಡಿದ ಮೇಲೆ ಗುರುವಾರದ ಸಾಲಿನಲ್ಲಿ ಅದನ್ನು ಬೇರೆಯಾಗಿ ಗುರುತಿಸಿ ಬೇಡವೆನ್ನುವ ಮಾತೇ ಉಳಿಯಲಿಲ್ಲ. ತಾಯಂದಿರ ಮನಸ್ಸು ರಾತ್ರೋರಾತ್ರಿ ಬದಲಾಯಿತೆ? ಬದಲಾದದ್ದು ಬಿಲ್ಲು ಮತ್ತು ಜಾಗ.

ಇನ್ನು ಲಸಿಕೆ ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎಂಬುದು. ಮಕ್ಕಳ ಫ್ಲೂ ಲಸಿಕೆಯ ಪ್ರಯೋಗಗಳನ್ನು ಒಟ್ಟುಗೂಡಿಸಿದ 2018ರ ಕಾಕ್ರೇನ್ ಪರಾಮರ್ಶೆಯ ಪ್ರಕಾರ, ಎರಡು ವರ್ಷ ದಾಟಿದ ಮಕ್ಕಳಲ್ಲಿ ಚುಚ್ಚುಮದ್ದು ಫ್ಲೂ ತಗಲುವ ಪ್ರಮಾಣವನ್ನು ಶೇಕಡ 30ರಿಂದ 11ಕ್ಕೆ ಇಳಿಸುತ್ತದೆ. ಆದರೆ ಫ್ಲೂ ತರಹದ ಜ್ವರ-ಕೆಮ್ಮುಗಳನ್ನೆಲ್ಲ ಸೇರಿಸಿ ಎಣಿಸಿದರೆ ಇಳಿಕೆ 28ರಿಂದ 20ಕ್ಕೆ ಮಾತ್ರ. ತಾಯಿಯ ಕಣ್ಣಿಗೆ ಕಾಣುವುದು ಈ ಎರಡನೆಯ ಅಂಕಿ. ಲ್ಯಾಬಿನಲ್ಲಿ ಪತ್ತೆಯಾಗುವ ಫ್ಲೂ ಅವಳಿಗೆ ಗೊತ್ತಾಗುವುದೇ ಇಲ್ಲ. ಚುಚ್ಚಿಸಿದ ಮೇಲೂ ಆಗಸ್ಟಿನಲ್ಲಿ ಮಗು ಕೆಮ್ಮಿದ್ದು ಮಾತ್ರ ಗೊತ್ತು. ‘ಎರಡು ಸೂಜಿ ಹಾಕಿಸಿದ್ರೂ ಮತ್ತೆ ನೆಗಡಿ’ ಎಂಬ ದೂರಿನ ಹಿಂದಿರುವುದು ಈ ಅಂತರ, ಅದನ್ನು ಮೊದಲೇ ಬಿಡಿಸಿ ಹೇಳಲು ಕ್ಲಿನಿಕ್ಕಿನಲ್ಲಿ ಹೊತ್ತಿಲ್ಲ. ಎರಡು ವರ್ಷದೊಳಗಿನ ಕೂಸುಗಳ ಬಗ್ಗೆ ಆ ಪರಾಮರ್ಶೆಗೆ ಸಿಕ್ಕ ಪುರಾವೆಯೂ ತೆಳುವಾಗಿತ್ತು.

ಭಾರತದ್ದೇ ಪುರಾವೆ ಬೇಕೆಂದರೆ ಹರಿಯಾಣದ ಬಲ್ಲಭಗಢದ ಹಳ್ಳಿಗಳಿಗೆ ಹೋಗಬೇಕು. ಅಲ್ಲಿ 2009ರಿಂದ ಮೂರು ವರ್ಷಗಳ ಕಾಲ, ಆರು ತಿಂಗಳಿಂದ ಹತ್ತು ವರ್ಷದವರೆಗಿನ ಮಕ್ಕಳಿಗೆ, ಒಂದು ಗುಂಪಿಗೆ ಫ್ಲೂ, ಇನ್ನೊಂದಕ್ಕೆ ಪೋಲಿಯೊ ಚುಚ್ಚುಮದ್ದು ಕೊಟ್ಟು ಹೋಲಿಸಿದರು. ರಕ್ಷಣೆ ಮೊದಲ ವರ್ಷ ಶೇಕಡ 26ರಷ್ಟು, ಎರಡನೇ ವರ್ಷ 41, ಮೂರನೇ ವರ್ಷ 74. ಮೊದಲ ವರ್ಷ ಹರಡುತ್ತಿದ್ದುದು ಲಸಿಕೆಯಲ್ಲಿಲ್ಲದ ಹೊಸ ಎಚ್1ಎನ್1. ಆಗ ಬೆಂಗಳೂರಿನಲ್ಲೂ ರಾಜೀವ್ ಗಾಂಧಿ ಎದೆರೋಗಗಳ ಆಸ್ಪತ್ರೆಯ ಮುಂದೆ ಮಾಸ್ಕು ಕಟ್ಟಿದ ಜನ ಹಂದಿಜ್ವರದ ಪರೀಕ್ಷೆಗೆ ಸಾಲುಗಟ್ಟಿದ್ದರು. ಆ ವೈರಸ್ಸು ಎಲ್ಲಿಯೂ ಹೋಗಿಲ್ಲ, ಈಗ ಅದು ವರ್ಷವರ್ಷ ಬರುವ ಮಾಮೂಲಿ ಫ್ಲೂಗಳಲ್ಲೊಂದು, ಇವತ್ತಿನ ಚುಚ್ಚುಮದ್ದಿನಲ್ಲಿ ಅದಕ್ಕೂ ಮದ್ದಿದೆ. ಹಂದಿಜ್ವರವೆಂದರೆ ಬೆಚ್ಚುವ ಮನೆಯೇ ಫ್ಲೂ ಎಂದರೆ ನೆಗಡಿಯೆಂದು ಸುಮ್ಮನಾಗುತ್ತದೆ.

ಈಗ ಒಂದು ಕಲ್ಪಿತ ಮನೆಯ ಮೇಲೆ ಲೆಕ್ಕ ಹಾಕೋಣ. ತಾಯಿ ಗಾರ್ಮೆಂಟ್ಸಿನಲ್ಲಿ ಟೈಲರ್, ಸಂಬಳ ಹನ್ನೆರಡು ಸಾವಿರ, ಅಂದರೆ ದಿನಕ್ಕೆ ಸುಮಾರು 460 ರೂಪಾಯಿ. ಮಗುವಿಗೆ ಮೂರು ವರ್ಷ. ಫ್ಲೂ ಬಂದರೆ ನಾಲ್ಕು ದಿನ ಕೆಲಸ ತಪ್ಪುತ್ತದೆ ಎನ್ನೋಣ, 1,840 ರೂಪಾಯಿ. ಡಾಕ್ಟರ ಫೀಸು, ಸಿರಪ್ಪು, ಆಟೋ ಸೇರಿ ಒಂದು ಸಾವಿರ. ಒಟ್ಟು ನಷ್ಟ 2,840. ಪರಾಮರ್ಶೆಯ ಅಂಕಿಯಂತೆ ಲಸಿಕೆ ನೂರರಲ್ಲಿ ಹತ್ತೊಂಬತ್ತು ಮಕ್ಕಳಿಗೆ ಫ್ಲೂ ತಪ್ಪಿಸಿದರೆ, ಈ ಮನೆಗೆ ಸರಾಸರಿ ಉಳಿತಾಯ ಸುಮಾರು 540 ರೂಪಾಯಿ. ಮೊದಲ ವರ್ಷದ ಖರ್ಚು ಮೂರು ಸಾವಿರ, ಆರೂವರೆ ದಿನದ ಕೂಲಿ. ಜೊತೆಗೆ ಎರಡು ಸಲ ಕ್ಲಿನಿಕ್ಕಿನಲ್ಲಿ ಕಾಯುವ ಹೊತ್ತು. ಅಂದರೆ ಖಾಸಗಿ ಬೆಲೆಯಲ್ಲಿ ಬೇಡವೆನ್ನುವ ತಾಯಿಯ ಲೆಕ್ಕ ಸರಿಯಾಗಿಯೇ ಇದೆ. ನೂರರಲ್ಲಿ ಮೂವತ್ತು ಮಕ್ಕಳಿಗೆ ಫ್ಲೂ ಬರುವುದೆಂಬ ಊಹೆಯೂ ಲಸಿಕೆಯ ಪರವಾಗಿ ಉದಾರವಾದದ್ದು ಎಂಬುದನ್ನು ಮರೆಯಬಾರದು. ಇದೇ ಲೆಕ್ಕ ಇನ್ನೊಂದನ್ನೂ ಹೇಳುತ್ತದೆ: ಡೋಸಿನ ಬೆಲೆ 270 ರೂಪಾಯಿಗಿಂತ ಕೆಳಗಿಳಿದು, ಹಾಕಿಸಲು ರಜೆ ಬೇಡವಾದರೆ, ಅದೇ ತಾಯಿಗೆ ಹಾಕಿಸುವುದೇ ಲಾಭ.

ಸರಾಸರಿಯಲ್ಲಿ ಹಿಡಿಯದ ಸಂಗತಿಗಳೂ ಇವೆ. 2018ರಲ್ಲಿ ಜಗತ್ತಿನಾದ್ಯಂತ ಐದು ವರ್ಷದೊಳಗಿನ ಮಕ್ಕಳಲ್ಲಿ ಸುಮಾರು 11 ಕೋಟಿ ಫ್ಲೂ ಪ್ರಕರಣ, 8.7 ಲಕ್ಷ ಆಸ್ಪತ್ರೆ ದಾಖಲಾತಿ, 35 ಸಾವಿರದಷ್ಟು ಸಾವು ಎಂದು ಲ್ಯಾನ್ಸೆಟ್ ಬಳಗದ ಪತ್ರಿಕೆಯೊಂದರಲ್ಲಿ ಬಂದ ಅಂದಾಜು. ಹೆಚ್ಚುಕಡಿಮೆ 125 ಫ್ಲೂ ಮಕ್ಕಳಲ್ಲಿ ಒಂದು ಆಸ್ಪತ್ರೆ ಸೇರುತ್ತದೆ. ಆ ಒಂದು ಮಗುವಿನ ಮನೆಗೆ ಸರಾಸರಿಯ ಸಮಾಧಾನ ನಡೆಯುವುದಿಲ್ಲ. ಬಡ್ಡಿ ಸಾಲವೇ ಗತಿ. ಉಬ್ಬಸವಿರುವ, ಹೃದಯದ ತೊಂದರೆಯಿರುವ, ಪದೇ ಪದೇ ನ್ಯುಮೋನಿಯಾ ಆಗುವ ಮಗುವಿನ ವಿಷಯದಲ್ಲಿ ನನಗೆ ಎರಡು ಮಾತಿಲ್ಲ, ಸಾಲ ಮಾಡಿಯಾದರೂ ಹಾಕಿಸಬೇಕು. ಆರು ತಿಂಗಳಾಗದ ಕೂಸಿಗಂತೂ ಈ ಲಸಿಕೆ ಕೊಡುವಂತೆಯೇ ಇಲ್ಲ. ಅದಕ್ಕಿರುವ ದಾರಿ ತಾಯಿ ಬಸುರಿಯಾಗಿದ್ದಾಗ ಹಾಕಿಸಿಕೊಳ್ಳುವುದು. ಬಾಂಗ್ಲಾದೇಶದಲ್ಲಿ ನಡೆದು 2008ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಹಾಗೆ ಹಾಕಿಸಿಕೊಂಡವರ ಕೂಸುಗಳಲ್ಲಿ ಫ್ಲೂ ಶೇಕಡ 63ರಷ್ಟು ಕಡಿಮೆಯಿತ್ತು. ಮಗುವಿನ ಸೂಜಿಯಿಂದ ಅಜ್ಜಿಗೂ ಲಾಭವುಂಟು. ಜಪಾನ್ 1962ರಿಂದ ಶಾಲಾಮಕ್ಕಳಿಗೆ ಫ್ಲೂ ಲಸಿಕೆ ಹಾಕುತ್ತಿತ್ತು. 1987ರಲ್ಲಿ ಕಡ್ಡಾಯ ಸಡಿಲಿಸಿ, 1994ರಲ್ಲಿ ಕೈಬಿಟ್ಟಿತು. ಮಕ್ಕಳ ಲಸಿಕೆ ನಿಂತ ಮೇಲೆ ಚಳಿಗಾಲದ ಸಾವುಗಳು, ಮುಖ್ಯವಾಗಿ ಮುದುಕರವು, ಮತ್ತೆ ಏರಿದವೆಂದು 2001ರ ಅಧ್ಯಯನವೊಂದು ತೋರಿಸಿತು.

ಲಾಭ ಹೀಗೆ ಹಂಚಿಹೋಗುತ್ತದೆ, ಖರ್ಚು ಮಾತ್ರ ಒಬ್ಬಳ ತಲೆಗೆ. ಕಾರ್ಮಿಕ ವಿಮೆಯನ್ನೇ ನೋಡಿ. ಇಎಸ್‌ಐ ಇರುವ ತಾಯಿಯ ಮಗುವಿಗೆ ರಾಜಾಜಿನಗರದ ದೊಡ್ಡ ಆಸ್ಪತ್ರೆಯಲ್ಲಿ ಬಿಲ್ಲಿಲ್ಲದೆ ಚಿಕಿತ್ಸೆ ಸಿಗುತ್ತದೆ. ಆದರೆ ಅದರ ಅನಾರೋಗ್ಯ ಭತ್ಯೆ ವಿಮೆದಾರಳು ತಾನೇ ಮಲಗಿದರೆ ಮಾತ್ರ. ಮಗು ಮಲಗಿ ಅವಳು ಮನೆಯಲ್ಲಿ ಕೂತ ದಿನಗಳಿಗೆ ಏನೂ ಇಲ್ಲ. ಪೀಣ್ಯದ ಎಷ್ಟೋ ಸಣ್ಣ ಶೆಡ್ಡುಗಳಲ್ಲಿ ಇಎಸ್‌ಐಯೂ ಇಲ್ಲ. ಅವಳು ಬರದ ದಿನ ಲೈನು ಟಾರ್ಗೆಟ್ ಮುಟ್ಟುವುದಿಲ್ಲ, ಆ ನಷ್ಟ ಕಾರ್ಖಾನೆಯದು. ಲಸಿಕೆ ಉಳಿಸುವುದು ಅದನ್ನೂ ಸೇರಿ. ಆದರೆ ಲಸಿಕೆಗೆ ದುಡ್ಡು ಕೊಡುವ ಮಾತು ಬಂದಾಗ ಕಾರ್ಖಾನೆಯ ಹೆಸರು ಯಾರೂ ಎತ್ತುವುದಿಲ್ಲ.

ಕೊನೆಗೆ ಕ್ಯಾಲೆಂಡರಿನ ತೊಡಕು. ನಮ್ಮಲ್ಲಿ ಮುಂಗಾರಿಗೆ ಮುಂಚೆ, ಏಪ್ರಿಲ್-ಮೇ ಹೊತ್ತಿಗೆ ಹಾಕಿಸುವುದು ಒಳ್ಳೆಯದೆನ್ನುತ್ತಾರೆ. ದಕ್ಷಿಣಾರ್ಧಗೋಳಕ್ಕೆಂದು ವಿಶ್ವ ಆರೋಗ್ಯ ಸಂಸ್ಥೆ ಸೆಪ್ಟೆಂಬರಿನಲ್ಲಿ ಗೊತ್ತುಮಾಡುವ ತಳಿಗಳ ಲಸಿಕೆ ಆ ವೇಳೆಗೆ ಅಂಗಡಿಗೆ ಬಂದಿರುತ್ತದೆ. ಆದರೆ ಹೆಗ್ಗನಹಳ್ಳಿಯ ಮಕ್ಕಳು ಬೇಸಿಗೆಯಲ್ಲಿ ಹೆಗ್ಗನಹಳ್ಳಿಯಲ್ಲಿ ಇರುವುದೇ ಕಡಿಮೆ. ರಜೆ ಶುರುವಾಗುತ್ತಲೇ ಕುಣಿಗಲ್ಲಿಗೋ ನಾಗಮಂಗಲಕ್ಕೋ, ಅಜ್ಜಿ ಮನೆಗೆ. ದೊಡ್ಡದರ ಜೊತೆ ಚಿಕ್ಕದನ್ನೂ ಕಳಿಸಿದರೆ ಎರಡು ತಿಂಗಳು ತಾಯಿಗೆ ನಿರಾಳ. ನಾಲ್ಕು ವಾರದ ಎರಡನೇ ಡೋಸು ಬೀಳಬೇಕಾದದ್ದು ಸರಿಯಾಗಿ ಆಗಲೇ. ಊರಿನ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಮಕ್ಕಳ ಫ್ಲೂ ಲಸಿಕೆ ಸಿಗುವ ವ್ಯವಸ್ಥೆಯಿಲ್ಲ.

ಆದ್ದರಿಂದ ನನಗೆ ಸೂಕ್ತವೆನಿಸುವ ಜಾಗ ಕಾರ್ಖಾನೆಯ ಶಿಶುಪಾಲನಾ ಕೊಠಡಿ. ಮೂವತ್ತಕ್ಕಿಂತ ಹೆಚ್ಚು ಹೆಂಗಸರು ದುಡಿಯುವಲ್ಲಿ ಆರು ವರ್ಷದೊಳಗಿನ ಮಕ್ಕಳಿಗೆ ಕೊಠಡಿಯಿರಬೇಕೆಂದು 1976ರಲ್ಲಿ ತಿದ್ದುಪಡಿಯಾದ 1948ರ ಕಾರ್ಖಾನೆ ಕಾಯ್ದೆಯೇ ಹೇಳಿತ್ತು. 2017ರ ಹೆರಿಗೆ ಸೌಲಭ್ಯ ತಿದ್ದುಪಡಿ ಐವತ್ತು ನೌಕರರಿರುವ ಎಲ್ಲ ಸಂಸ್ಥೆಗಳಿಗೂ ಅದನ್ನು ವಿಸ್ತರಿಸಿತು. ಫ್ಲೂ ಬೇಗ ಹಬ್ಬುವುದೂ ಇಂಥ ಕೊಠಡಿಗಳಲ್ಲೇ. ಮಾರ್ಚಿನ ಆರಂಭದಲ್ಲಿ ಮೊದಲ ಡೋಸು, ಏಪ್ರಿಲ್ ಮೊದಲ ವಾರ, ಮಕ್ಕಳು ಊರಿಗೆ ಹೊರಡುವ ಮುನ್ನ ಎರಡನೆಯದು. ಹೊಸ ತಳಿಗಳ ಸರಕು ತುಸು ಬೇಗ ತರಿಸಿದರೆ ಇದಾಗದ ಮಾತಲ್ಲ. ಒಟ್ಟಿಗೆ ಕೊಂಡರೆ ಬೆಲೆ ಇಳಿಯುತ್ತದೆ, ಅರ್ಧವನ್ನು ಕಾರ್ಖಾನೆಯೂ ಅರ್ಧವನ್ನು ಇಎಸ್‌ಐಯೂ ಹೊರಬಹುದು. ತಾಯಿ ಮಾಡಬೇಕಾದದ್ದು ಊಟದ ಬಿಡುವಿನಲ್ಲಿ ಮಗುವನ್ನು ಎತ್ತಿ ಹಿಡಿದುಕೊಳ್ಳುವುದು, ಆಮೇಲೆ ತಾಯಿ ಕಾರ್ಡಿನ ಕೊನೆಯ ಖಾಲಿ ಜಾಗದಲ್ಲಿ ಸಿರಿಂಜಿನ ಸ್ಟಿಕ್ಕರು ಅಂಟಿಸಿಕೊಳ್ಳುವುದು. ಬೇಡವೆನ್ನುವವರು ಆಗಲೂ ಇರುತ್ತಾರೆ. ಅವರ ಭಯ, ಅನುಮಾನಗಳನ್ನು ಅಧ್ಯಯನ ಮಾಡಲು ಅದು ಸರಿಯಾದ ಹೊತ್ತು.